ಅಲ್ಲಾಡಬೇಡ ಮರಿ

ಹದಿಹರೆಯದ ಮೆದುಳಿನ ಮೇಲೆ ಸಂಶೋಧನೆ ನಡೆಸುವ ಲ್ಯಾಬಿನಲ್ಲಿ ಆಸ್ತಿ ಪಾಲಾಗಿರುವುದು ಹೀಗೆ. ಮೆದುಳು ಪ್ರೊಫೆಸರರದು. ಮೆದುಳಿನಿಂದ ಹೊರಬರುವ ಅಂಕಿಅಂಶ ಪೋಸ್ಟ್‌ಡಾಕ್ ಸರ್‌ದು. ಎಂಆರ್‌ಐ ಯಂತ್ರ ರೇಡಿಯಾಲಜಿಯವರದು, ಅದರ ಗುಂಡಿ ಮುಟ್ಟಿದರೆ ಅವರು ಸುಮ್ಮನಿರುವುದಿಲ್ಲ. ಇನ್ನುಳಿದದ್ದು, ಅಂದರೆ ಮೆದುಳನ್ನು ಹೊತ್ತುಕೊಂಡು ಬಂದ ಹುಡುಗ, ಹುಡುಗನನ್ನು ಎಳೆದುಕೊಂಡು ಬಂದ ಅಮ್ಮ, ಅಮ್ಮನ ಚೀಲದಲ್ಲಿರುವ ಚಿತ್ರಾನ್ನದ ಡಬ್ಬಿ, ಪಾರ್ಕಿಂಗ್ ಸಿಗದೆ ಗೇಟಿನ ಹೊರಗೆ ಸುತ್ತು ಹಾಕುತ್ತಿರುವ ಅಪ್ಪ, ಅಪ್ಪನಿಗೆ ಏರುತ್ತಿರುವ ಕೋಪ, ಇಷ್ಟೂ ರಿಸರ್ಚ್ ಅಸಿಸ್ಟೆಂಟ್ ಪಾಲಿಗೆ. ಆ ರಿಸರ್ಚ್ ಅಸಿಸ್ಟೆಂಟ್ ನಾನು. ಲ್ಯಾಬ್ ಬೆಂಗಳೂರಿನಲ್ಲಿದೆ. ಯಾವುದು ಎಂದು ಮಾತ್ರ ಕೇಳಬೇಡಿ. ನನ್ನ ಕಾಂಟ್ರಾಕ್ಟ್ ರಿನ್ಯೂ ಆಗುವ ತಿಂಗಳು ಹತ್ತಿರ ಬಂದಿದೆ.

ಮದುವೆಮನೆಗಳಲ್ಲಿ ‘ಬ್ರೇನ್ ರಿಸರ್ಚ್’ ಅಂದರೆ ಒಂದು ನಿಮಿಷ ಗೌರವ ಸಿಗುತ್ತದೆ. ಎರಡನೇ ನಿಮಿಷಕ್ಕೆ ವಿಚಾರಣೆ.

‘ಹಾಗಾದ್ರೆ ಡಾಕ್ಟ್ರಾ?’

‘ಅಲ್ಲ ಅತ್ತೆ.’

‘ಪಿಎಚ್‌ಡಿ ಮಾಡ್ತಿದೀಯಾ?’

‘ಇಲ್ಲ ಅತ್ತೆ.’

‘ಮತ್ತೇನ್ ಮಾಡ್ತೀಯೇ ದಿನಾ ಹೋಗಿ?’

‘ಮಕ್ಕಳಿಗೆ ಅಲ್ಲಾಡಬೇಡ ಅಂತ ಹೇಳ್ತೀನಿ.’

‘ಅದಕ್ಕೂ ಸಂಬಳ ಕೊಡ್ತಾರಾ?’

‘ಕೊಡ್ತಾರೆ ಅತ್ತೆ, ನಿಧಾನಕ್ಕೆ.’

ಅಮೆರಿಕದಲ್ಲಿ ಎಬಿಸಿಡಿ ಎಂಬ ಅಧ್ಯಯನ ನಡೆಯುತ್ತಿದೆ. ಹದಿಹರೆಯದ ಮೆದುಳನ್ನು ಹತ್ತು ವರ್ಷ ಹಿಂಬಾಲಿಸುವ ಯೋಜನೆ. ಹೆಸರು ಆ ನಾಲ್ಕು ಅಕ್ಷರಕ್ಕೆ ಬಂದು ನಿಲ್ಲಲಿ ಎಂದು ಯಾರೋ ಒಂದು ಸಂಜೆಯಿಡೀ ಕಷ್ಟಪಟ್ಟಿರಬೇಕು. ಒಂಬತ್ತು–ಹತ್ತು ವರ್ಷದ 11,800ಕ್ಕೂ ಹೆಚ್ಚು ಮಕ್ಕಳನ್ನು 21 ಕೇಂದ್ರಗಳಲ್ಲಿ ಸೇರಿಸಿಕೊಂಡಿದ್ದಾರೆ. ನಮ್ಮಲ್ಲೂ ನಿಮ್ಹಾನ್ಸ್ ಮುಂದಾಳತ್ವದಲ್ಲಿ ಭಾರತ–ಬ್ರಿಟನ್ ಜಂಟಿಯಾಗಿ ಸಿ-ವೇದ ಎಂಬುದು ನಡೆಯಿತು. 6ರಿಂದ 23 ವರ್ಷದವರು, ಬೆಂಗಳೂರು, ಮೈಸೂರಿನಿಂದ ಹಿಡಿದು ಋಷಿ ವ್ಯಾಲಿ, ಕೋಲ್ಕತ್ತ, ಚಂಡೀಗಢ, ಇಂಫಾಲದವರೆಗೆ. ಇಂಥದ್ದನ್ನು ಪೇಪರಿನಲ್ಲಿ ಓದಿದವರು ‘ಅಬ್ಬಾ, ಎಷ್ಟೊಂದು ಮೆದುಳು!’ ಅನ್ನುತ್ತಾರೆ. ನನಗೆ ಕಾಣುವುದೇ ಬೇರೆ. ಅಷ್ಟೂ ಮಕ್ಕಳ ಅಮ್ಮಂದಿರಿಗೆ ಯಾವಳೋ ಒಬ್ಬಳು ನನ್ನಂಥವಳು ಫೋನ್ ಮಾಡಿ, ‘ಮೇಡಂ, ಇದು ಲೋನ್ ಕಾಲ್ ಅಲ್ಲ, ದಯವಿಟ್ಟು ಇಡಬೇಡಿ’ ಅಂದಿದ್ದಾಳೆ.

ಒಬ್ಬನೇ ಹುಡುಗನನ್ನು ವರ್ಷವರ್ಷ ಯಾಕೆ ಕಾಡಬೇಕು ಎಂದು ಕೇಳುವವರಿದ್ದಾರೆ. ಕಾರಣವಿದೆ. ಮೆದುಳಿನ ಗಾತ್ರ ಆರನೇ ವರ್ಷಕ್ಕೇ ಹೆಚ್ಚುಕಡಿಮೆ ದೊಡ್ಡವರದರ ಶೇಕಡ 90ರಷ್ಟಾಗಿರುತ್ತದೆ. ಅಲ್ಲಿಗೆ ಕಟ್ಟಡ ಮುಗಿಯಿತು, ಇನ್ನೇನಿದ್ದರೂ ಒಳಗೆ ಪಾಠ ತುಂಬುವುದಷ್ಟೇ ಎಂದು ಬಹಳ ಕಾಲ ಅಂದುಕೊಂಡಿದ್ದರು. 1979ರಲ್ಲಿ ಪೀಟರ್ ಹಟನ್‌ಲಾಕರ್ ಎಂಬ ನರರೋಗತಜ್ಞರು ತೀರಿಕೊಂಡವರ ಮೆದುಳಿನ ಮುಂಭಾಗದ ತುಣುಕುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟು, ನರಕೋಶಗಳು ಒಂದಕ್ಕೊಂದು ಮಾತಾಡಿಕೊಳ್ಳುವ ಜಾಗಗಳನ್ನು, ಅಂದರೆ ಸಿನಾಪ್ಸ್‌ಗಳನ್ನು, ಎಣಿಸುತ್ತ ಕೂತರು. ಪುಟ್ಟ ಮಕ್ಕಳಲ್ಲಿ ಅವು ದೊಡ್ಡವರಿಗಿಂತ ಎಷ್ಟೋ ಹೆಚ್ಚು. ಹದಿಹರೆಯಕ್ಕೆ ಬರುವಷ್ಟರಲ್ಲಿ ಕಳಚಿಕೊಳ್ಳುತ್ತ ಹೋಗುತ್ತವೆ. 1999ರಲ್ಲಿ ಅಮೆರಿಕದ ಜೇ ಗೀಡ್ ಮತ್ತು ಸಂಗಡಿಗರು ಬದುಕಿರುವ 145 ಮಕ್ಕಳನ್ನೇ ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಹಲವರನ್ನು ಮತ್ತೆ ಮತ್ತೆ ಕರೆಸಿ ನೋಡಿದರು. ಮುಂಭಾಗದ ಬೂದುದ್ರವ್ಯ ಹುಡುಗಿಯರಲ್ಲಿ 11ರ, ಹುಡುಗರಲ್ಲಿ 12ರ ಸುಮಾರಿಗೆ ತುದಿ ಮುಟ್ಟಿ, ಆಮೇಲೆ ಇಳಿಯುತ್ತದೆ. ಇಳಿದರೆ ನಷ್ಟವೇನಿಲ್ಲ. ಬಳಸದ ಜೋಡಣೆಗಳು ಹೋಗುತ್ತವೆ, ಬಳಸುವ ನರತಂತುಗಳಿಗೆ ಕೊಬ್ಬಿನ ಹೊದಿಕೆ ಬಂದು ಸುದ್ದಿ ಬೇಗ ಓಡುತ್ತದೆ.

ಇಷ್ಟನ್ನು ನಾನು ಕೈ ಆಡಿಸಿ, ಕಾಗದದ ಮೇಲೆ ಗುಡ್ಡ ಬರೆದು, ಒಬ್ಬ ತಾಯಿಗೆ ತಿಳಿಹೇಳಿದೆ. ಅವರು ಕಣ್ಣರಳಿಸಿ ಕೇಳಿ, ಮಗನ ಕಡೆ ತಿರುಗಿದರು. ‘ನೋಡಿದ್ಯಾ? ಏಳನೇ ಕ್ಲಾಸಿಂದ ನಿನ್ನ ಮೆದುಳು ಕಮ್ಮಿ ಆಗ್ತಾ ಬಂದಿದೆ ಅಂತ ನಾನು ಹೇಳ್ತಾನೇ ಇದ್ದೆ.’

ಹುಡುಗರನ್ನು ಹುಡುಕುವುದು ಮೊದಲ ಕೆಲಸ. ಬೆಂಗಳೂರಿನಲ್ಲಿ ಹುಡುಗರಿಗೇನು ಬರವೇ? ಇಲ್ಲ, ಹುಡುಗರ ಬಿಡುವಿಗೆ ಬರ. ಜೂನಿನಲ್ಲಿ ಶಾಲೆ ಆಗಷ್ಟೇ ಶುರುವಾಗಿರುತ್ತದೆ. ಆಗಸ್ಟಿನಲ್ಲಿ ಯೂನಿಟ್ ಟೆಸ್ಟು. ದಸರಾ ರಜೆಯಲ್ಲಿ ಅಜ್ಜಿಮನೆ. ನವೆಂಬರಿನಲ್ಲಿ ರಾಜ್ಯೋತ್ಸವದ ಡ್ಯಾನ್ಸ್ ಪ್ರಾಕ್ಟೀಸು, ಡಿಸೆಂಬರಿನಲ್ಲಿ ಸ್ಕೂಲ್ ಡೇ. ಜನವರಿಯಿಂದ ಮಾರ್ಚಿನವರೆಗೆ ಆ ಮನೆಗಳಿಗೆ ಫೋನ್ ಮಾಡುವುದೇ ಅಪರಾಧ. ‘ಎಸ್ಸೆಸ್ಸೆಲ್ಸಿ ಮುಗೀಲಿ ಮೇಡಂ’ ಅನ್ನುತ್ತಾರೆ ಅಪ್ಪ. ಮುಗಿದ ಮೇಲೆ ‘ಪಿಯುಸಿ ಸ್ವಲ್ಪ ಮುಗೀಲಿ.’ ಆಮೇಲೆ ‘ಸಿಇಟಿ ಒಂದು ಆಗಿಬಿಡ್ಲಿ.’ ಅದೂ ಆದ ಮೇಲೆ ಅವರೇ ಫೋನ್ ಮಾಡಿ ‘ಈಗ ಫ್ರೀ ಇದಾನೆ ನೋಡಿ’ ಅನ್ನುತ್ತಾರೆ. ಅಷ್ಟರಲ್ಲಿ ಹುಡುಗನಿಗೆ ಮೀಸೆ ಬಂದಿದೆ, ನಮ್ಮ ಪಟ್ಟಿಯ ವಯಸ್ಸು ದಾಟಿದೆ. ಹದಿಹರೆಯವನ್ನು ಹದಿಹರೆಯದಲ್ಲೇ ಅಧ್ಯಯನ ಮಾಡಬೇಕು ಎಂದರೆ ಕರ್ನಾಟಕದ ಪರೀಕ್ಷಾ ಮಂಡಳಿ ಬಿಡುವುದಿಲ್ಲ.

ಶಾಲೆಗಳಿಗೂ ಹೋಗುತ್ತೇವೆ. ಪ್ರಿನ್ಸಿಪಾಲರು ಮೊದಲು ಸೆಟೆದುಕೊಳ್ಳುತ್ತಾರೆ. ‘ನಮ್ಮ ಮಕ್ಕಳಿಗೆ ಮೆದುಳಿನ ತೊಂದರೆ ಏನೂ ಇಲ್ಲ.’ ತೊಂದರೆ ಇಲ್ಲದವರೇ ಬೇಕು ಮೇಡಂ ಅಂದರೆ ತಕ್ಷಣ ಉದಾರಿಗಳಾಗುತ್ತಾರೆ. ‘ಹಾಗಾದ್ರೆ ಎ ಸೆಕ್ಷನ್ ತಗೊಳ್ಳಿ. ಬಿ ಸೆಕ್ಷನ್ ಕಡೆ ಹೋಗಬೇಡಿ.’ ಬಿ ಸೆಕ್ಷನ್ನೂ ಬೇಕು, ಕೊನೇ ಬೆಂಚೂ ಬೇಕು, ಇಲ್ಲದಿದ್ದರೆ ನಾವು ಬರೆಯುವುದು ರ‍್ಯಾಂಕ್ ಹುಡುಗರ ಚರಿತ್ರೆಯಾಗುತ್ತದೆ ಎಂದು ಅವರಿಗೆ ಒಪ್ಪಿಸುವುದರಲ್ಲಿ ಒಂದು ಕಾಫಿ ತಣ್ಣಗಾಗುತ್ತದೆ.

ಒಪ್ಪಿಗೆ ಪತ್ರದ ಕಥೆಯೇ ಬೇರೆ. ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ತಂದೆತಾಯಿ ಸಹಿ ಹಾಕಿದರೆ ಸಾಲದು. ಏಳರಿಂದ ಹನ್ನೆರಡು ವರ್ಷದ ಮಗು ಬಾಯಲ್ಲಿ ಹೂಂ ಅನ್ನಬೇಕು; ಹನ್ನೆರಡು ದಾಟಿ ಹದಿನೆಂಟರೊಳಗಿದ್ದರೆ ಬರಹದಲ್ಲೇ ಒಪ್ಪಬೇಕು. ಅಪ್ಪಂದಿರಿಗೆ ಈ ಎರಡನೇ ಕಾಗದ ನೋಡಿದರೆ ನಗು. ‘ಅವನನ್ನೇನು ಕೇಳೋದು? ನಾನು ಹೂಂ ಅಂದ ಮೇಲೆ ಆಯ್ತಲ್ಲ.’ ಆಗಲ್ಲ ಸರ್, ಅವನು ಬೇಡ ಅಂದರೆ ಬೇಡ ಅಂತಲೇ. ಇದನ್ನು ಅಪ್ಪನ ಎದುರಿಗೇ ಹೇಳುವಾಗ ನಾನು ಹುಡುಗನ ಮುಖ ನೋಡುತ್ತೇನೆ. ಈ ಕೆಲಸದಲ್ಲಿ ನನಗೆ ಸಿಗುವ ದೊಡ್ಡ ಸುಖ ಅದೇ. ಒಬ್ಬ ಹದಿಮೂರರವನು ಕಾಗದವನ್ನು ಮೇಲಿಂದ ಕೆಳಗೆ ನೋಡಿ, ದನಿ ತಗ್ಗಿಸಿ ಕೇಳಿದ: ‘ಅಕ್ಕಾ, ಇಂಥದ್ದೊಂದು ಫಾರಂ ಟ್ಯೂಷನ್ನಿಗೂ ಇದೆಯಾ?’

ಸಹಿಯಾದ ಮೇಲೆ ಲೋಹ. ನಮ್ಮ ಯಂತ್ರ ಮೂರು ಟೆಸ್ಲಾ ಶಕ್ತಿಯ ಅಯಸ್ಕಾಂತ. ಬೆಂಗಳೂರಿನ ನೆಲಕ್ಕಿರುವ ಕಾಂತಕ್ಷೇತ್ರದ ಸುಮಾರು 70,000 ಪಟ್ಟು. ಒಳಗೆ ದ್ರವ ಹೀಲಿಯಂ ಮೈನಸ್ 269 ಡಿಗ್ರಿಯಲ್ಲಿ ಕೂತಿರುತ್ತದೆ. ಮುಖ್ಯವಾದ ಮಾತು, ಆ ಅಯಸ್ಕಾಂತ ಸದಾ ಚಾಲೂ. ರಾತ್ರಿ ಬಾಗಿಲು ಹಾಕಿಕೊಂಡು ಹೋದರೂ, ಕರೆಂಟು ಹೋದರೂ ಎಳೆಯುತ್ತಲೇ ಇರುತ್ತದೆ. 2001ರಲ್ಲಿ ಅಮೆರಿಕದ ಒಂದು ಆಸ್ಪತ್ರೆಯಲ್ಲಿ ಆಮ್ಲಜನಕದ ಸಿಲಿಂಡರ್ ಹಾರಿಹೋಗಿ ಒಳಗೆ ಮಲಗಿದ್ದ ಆರು ವರ್ಷದ ಮಗು ಸತ್ತುಹೋಯಿತು. ಹಾಗಾಗಿ ಈ ಒಂದು ವಿಷಯದಲ್ಲಿ ನಾನು ತಮಾಷೆ ಮಾಡುವುದಿಲ್ಲ, ಜೇಬುಗಳನ್ನು ಒಳಗು ಹೊರಗಾಗಿಸಿಯೇ ನೋಡುತ್ತೇನೆ.

ಆದರೆ ತಮಾಷೆ ತಾನಾಗಿ ಬರುತ್ತದೆ. ಹದಿನಾಲ್ಕರ ಹುಡುಗಿಯ ತಲೆಯಲ್ಲಿ ಎಷ್ಟು ಪಿನ್ನು ಇರಬಹುದು ಎಂದು ಆ ಹುಡುಗಿಗೇ ಗೊತ್ತಿರುವುದಿಲ್ಲ. ‘ಅಷ್ಟೇ ಅಕ್ಕಾ’ ಅಂದ ಮೇಲೆ ಇನ್ನೂ ಎರಡು ಸಿಗುತ್ತವೆ. ಕ್ಲಿಪ್ಪು, ಯು-ಪಿನ್ನು, ಬ್ಯಾಂಡಿನೊಳಗಿನ ಸಣ್ಣ ಲೋಹದ ಬಿಲ್ಲೆ, ಕಾಲ್ಗೆಜ್ಜೆ, ಮೂಗುಬೊಟ್ಟು, ಲಂಗದ ಸೇಫ್ಟಿ ಪಿನ್ನು. ಹುಡುಗರದು ಬೆಲ್ಟು, ಸೈಕಲ್ ಕೀಲಿ, ಸೊಂಟದ ಉಡಿದಾರ, ಮತ್ತೆ ಪರೀಕ್ಷೆ ಚೆನ್ನಾಗಿ ಆಗಲಿ ಎಂದು ಅಜ್ಜಿ ಕಟ್ಟಿಸಿಕೊಟ್ಟ ತಾಯತ. ತಾಯತದ ಹತ್ತಿರ ಬಂದಾಗ ಎಲ್ಲ ನಿಲ್ಲುತ್ತದೆ. ಬಿಚ್ಚಿದರೆ ದೋಷ, ಬಿಚ್ಚದಿದ್ದರೆ ಸ್ಕ್ಯಾನ್ ಇಲ್ಲ. ಅಮ್ಮ ಅಜ್ಜಿಗೆ ಫೋನ್ ಮಾಡುತ್ತಾರೆ, ಸ್ಪೀಕರ್ ಹಾಕುತ್ತಾರೆ, ನಾನು ಅಜ್ಜಿಗೆ ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೋನೆನ್ಸ್ ವಿವರಿಸುತ್ತೇನೆ. ಅಜ್ಜಿ ಯೋಚಿಸಿ ತೀರ್ಪು ಕೊಡುತ್ತಾರೆ: ‘ತೆಗೆದು ಅವ್ನ ಅಮ್ಮನ ಕೈಲಿ ಕೊಡಿ, ನೆಲಕ್ಕೆ ಮಾತ್ರ ಇಡಬೇಡಿ.’ ನಮ್ಮ ಎಥಿಕ್ಸ್ ಕಮಿಟಿ ಇಷ್ಟು ಬೇಗ ಯಾವುದನ್ನೂ ತೀರ್ಮಾನಿಸಿದ್ದಿಲ್ಲ.

ಜಡೆಯೂ ಒಂದು ಸಮಸ್ಯೆ. ತಲೆಗೆ ಹಾಕುವ ಕಾಯಿಲ್ ಗಟ್ಟಿ ಪ್ಲಾಸ್ಟಿಕ್ಕಿನದು, ಅದನ್ನು ತಯಾರಿಸಿದವರು ತುರುಬು ನೋಡಿದವರಲ್ಲ. ಹಿಂದೆ ಗಂಟಿದ್ದರೆ ತಲೆ ಕೂರುವುದಿಲ್ಲ. ಬಿಚ್ಚಿ ಎರಡು ಪಕ್ಕಕ್ಕೆ ಹೆಣೆಯಬೇಕು. ಮನಶ್ಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ ನಾನು ಕಲಿತ ವಿದ್ಯೆಗಳಲ್ಲಿ ದಿನವೂ ಉಪಯೋಗಕ್ಕೆ ಬರುವುದು ಇದೊಂದೇ. ಇನ್ನು ಹಲ್ಲಿನ ತಂತಿ. ಅದಿದ್ದರೆ ಚಿತ್ರದಲ್ಲಿ ಮುಖದ ಕಡೆಯೆಲ್ಲ ಕಪ್ಪಗೆ ಕಲಸಿಹೋಗುತ್ತದೆ, ಹಾಗಾಗಿ ಅಂಥವರನ್ನು ವಾಪಸ್ ಕಳಿಸುತ್ತೇವೆ. ಈಗ ಈ ಊರಿನಲ್ಲಿ ಸ್ವಲ್ಪ ದುಡ್ಡಿರುವ ಮನೆಯ ಪ್ರತಿ ಎರಡನೇ ಮಗುವಿಗೂ ತಂತಿ ಬಿಗಿದಿದೆಯೇನೋ ಅನ್ನಿಸುತ್ತದೆ. ಅದನ್ನು ಕಂಡಾಗ ಪೋಸ್ಟ್‌ಡಾಕ್ ಸರ್ ನಿಟ್ಟುಸಿರು ಬಿಡುತ್ತಾರೆ. ‘ಸ್ಯಾಂಪಲ್ ಬಯಾಸ್’ ಅನ್ನುತ್ತಾರೆ. ಸೊಟ್ಟ ಹಲ್ಲಿನ ಮಕ್ಕಳೇ ವಿಜ್ಞಾನದ ಆಧಾರ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತೇನೆ.

ಅಸಲಿ ಯಂತ್ರಕ್ಕೆ ಮುಂಚೆ ನಕಲಿ ಯಂತ್ರ. ಅಯಸ್ಕಾಂತವಿಲ್ಲದ ಖಾಲಿ ಕೊಳವೆ, ಒಳಗೆ ಸ್ಪೀಕರು. ಅಸಲಿಯದರ ಗದ್ದಲ ನೂರು ಡೆಸಿಬೆಲ್ ದಾಟುತ್ತದೆ. ಕಿವಿಗೆ ಬಿರಡೆ ಇಟ್ಟು ಮೇಲೆ ಹೆಡ್‌ಫೋನ್ ಹಾಕುತ್ತೇವೆ. ಆ ಸದ್ದನ್ನು ನಕಲಿಯಲ್ಲಿ ಕೇಳಿಸಿ, ಅಲ್ಲಾಡದೆ ಮಲಗುವುದನ್ನು ಕಲಿಸಬೇಕು. ಎಂಥ ವಯಸ್ಸಿಗೆ ಎಂಥ ಪಾಠ! ಕೂತಲ್ಲಿ ಕಾಲು ಕುಣಿಸುವ, ನಿಂತಲ್ಲಿ ಗೋಡೆ ಒದೆಯುವ ಪ್ರಾಣಿಯನ್ನು ಹಿಡಿದು ತಂದು, ಒಂದು ಮಿಲಿಮೀಟರೂ ಅಲ್ಲಾಡದೆ ಮಲಗು, ಮೂಗು ತುರಿಸಿದರೂ ತಡೆದುಕೋ ಅನ್ನುತ್ತೇವೆ. ಹೇಳುವವರೆಗೆ ಯಾರ ಮೂಗೂ ತುರಿಸುತ್ತಿರಲಿಲ್ಲ.

ಇದರಲ್ಲೊಂದು ಸೊಗಸಿದೆ. ಹದಿಹರೆಯದಲ್ಲಿ ಬೂದುದ್ರವ್ಯ ಇಳಿಯುತ್ತದೆ ಅಂದೆನಲ್ಲ, ವಯಸ್ಸಾದಂತೆ ಮೆದುಳಿನ ಹೊರಪದರ ತೆಳುವಾಗುತ್ತ ಬರುತ್ತದೆ. ಸ್ಕ್ಯಾನ್ ಹೊತ್ತಿನಲ್ಲಿ ತಲೆ ಅಲ್ಲಾಡಿದರೂ ಚಿತ್ರ ಮಸುಕಾಗಿ, ಲೆಕ್ಕ ಹಾಕುವ ಸಾಫ್ಟ್‌ವೇರಿಗೆ ಹೊರಪದರ ಇರುವುದಕ್ಕಿಂತ ತೆಳುವಾಗಿ ಕಾಣುತ್ತದೆ. ಇದು ಸುಳ್ಳಲ್ಲ, ಪರೀಕ್ಷಿಸಿ ತೋರಿಸಿರುವ ಸಂಗತಿ. ಅಂದರೆ ಹುಷಾರಾಗಿಲ್ಲದಿದ್ದರೆ, ಇಡೀ ತರಗತಿಯಲ್ಲಿ ಅತಿ ಹೆಚ್ಚು ಒದ್ದಾಡಿದ ಕಪಿಯ ಮೆದುಳೇ ಕಾಗದದ ಮೇಲೆ ಅತಿ ಪ್ರಬುದ್ಧವೆಂದು ದಾಖಲಾಗುತ್ತದೆ. ಇದನ್ನು ನೆನೆಸಿಕೊಂಡು ನಾನು ಎಷ್ಟೋ ಮೀಟಿಂಗುಗಳಲ್ಲಿ ಒಬ್ಬಳೇ ನಕ್ಕಿದ್ದೇನೆ.

ಅಲ್ಲಾಡದವರು ಇನ್ನೊಂದು ಮಾಡುತ್ತಾರೆ, ನಿದ್ದೆ. ‘ಪರದೆ ಮೇಲಿನ ಪ್ಲಸ್ ಗುರುತು ನೋಡ್ತಾ ಇರು, ಏನನ್ನೂ ವಿಶೇಷವಾಗಿ ಯೋಚಿಸಬೇಡ, ನಿದ್ದೆ ಮಾತ್ರ ಮಾಡಬೇಡ’ ಎಂಬುದು ನಮ್ಮ ಒಂದು ಸ್ಕ್ಯಾನಿನ ಸೂಚನೆ. ರಸ್ತೆ ಅಗೆಯುವಂಥ ಆ ಸದ್ದಿನಲ್ಲೂ ಎರಡೇ ನಿಮಿಷಕ್ಕೆ ಗೊರಕೆ. ಪಾಪ, ಅವರ ತಪ್ಪೇನಿಲ್ಲ. ಹದಿಹರೆಯದಲ್ಲಿ ನಿದ್ದೆ ಬರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ. ದೇಹದ ಗಡಿಯಾರವೇ ಹಿಂದೆ ಬಿದ್ದಿರುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲೇ ಹೈಸ್ಕೂಲುಗಳು ಬೆಳಿಗ್ಗೆ 8:30ಕ್ಕಿಂತ ಮುಂಚೆ ಶುರುವಾಗಬಾರದು ಎಂದು ಹೇಳಿತು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಅದೇ ಕಾನೂನು. ನಮ್ಮಲ್ಲಿ ಆ ಹೊತ್ತಿಗೆ ಪಿಯು ಹುಡುಗ ಫಿಸಿಕ್ಸ್ ಟ್ಯೂಷನ್ ಮುಗಿಸಿ, ಮ್ಯಾಥ್ಸ್ ಟ್ಯೂಷನ್ ಮುಗಿಸಿ, ಬಿಎಂಟಿಸಿಯಲ್ಲಿ ನಿಂತೇ ಒಂದು ಸುತ್ತು ನಿದ್ದೆ ಮುಗಿಸಿರುತ್ತಾನೆ. ಒಂಬತ್ತು ಗಂಟೆಯ ಸ್ಲಾಟಿಗೆ ಬಂದವನ ಮೆದುಳಿನಲ್ಲಿ ನಾವು ಅಳೆಯುವುದು ಬೆಳವಣಿಗೆಯನ್ನೋ ಟ್ಯೂಷನ್ ಮೇಷ್ಟರನ್ನೋ ಎಂಬ ಅನುಮಾನ ನನಗಿದೆ. ಆದರೆ ಅನುಮಾನ ಪಡುವುದು ಪ್ರೊಫೆಸರರ ಕೆಲಸ.

ಎಂಜಲಿನ ವಿಷಯ ಬೇಗ ಮುಗಿಸುತ್ತೇನೆ. ಡಿಎನ್‌ಎಗಾಗಿ ಒಂದು ಸಣ್ಣ ನಳಿಕೆಯಲ್ಲಿ ಎರಡು ಮಿಲಿಲೀಟರ್ ಉಗುಳಬೇಕು, ಅಷ್ಟೇ. ಯಾವ ಗೋಡೆಯನ್ನೂ, ಯಾವ ಫುಟ್‌ಪಾತನ್ನೂ ಬಿಡದೆ ಉಗುಳುವ ಈ ಮಹಾನಗರದಲ್ಲಿ, ವಿಜ್ಞಾನಕ್ಕೆ ಉಗುಳಪ್ಪಾ ಅಂದರೆ ಎಲ್ಲರ ಬಾಯೂ ಒಣಗುತ್ತದೆ. ಹುಣಸೆಹಣ್ಣು ನೆನೆಸಿಕೋ ಎಂದು ಹೇಳಿ ಕಾಯುತ್ತ ಕೂರುತ್ತೇನೆ. ಇನ್ನು ಮೈಯಲ್ಲಿ ಆಗುತ್ತಿರುವ ಬದಲಾವಣೆಗಳ ಪ್ರಶ್ನಾವಳಿ. ಅದನ್ನು ಕೇಳುವಾಗ ಹುಡುಗಿ ಗೋಡೆ ನೋಡುತ್ತಾಳೆ, ನಾನು ಕಾಗದ ನೋಡುತ್ತೇನೆ, ಇಬ್ಬರೂ ಹೇಗೋ ಮುಗಿಸುತ್ತೇವೆ.

ಕಂಪ್ಯೂಟರ್ ಆಟಗಳು ಬಂದಾಗ ಮಾತ್ರ ಕೋಣೆಗೆ ಜೀವ ಬರುತ್ತದೆ. ಒಂದರಲ್ಲಿ ಬಲೂನು ಊದುತ್ತ ಹೋದರೆ ದುಡ್ಡು ಏರುತ್ತದೆ, ಒಡೆದರೆ ಹೋಯಿತು. ಅಪಾಯಕ್ಕೆ ಎಷ್ಟು ಕೈಹಾಕುತ್ತೀರಿ ಎಂಬುದರ ಅಳತೆ. ಇನ್ನೊಂದರಲ್ಲಿ ಮೂವರು ಚೆಂಡು ಎಸೆದಾಡುತ್ತಾರೆ. ಎರಡು ಕಂಪ್ಯೂಟರ್ ಗೊಂಬೆ, ಒಬ್ಬ ನಮ್ಮ ಹುಡುಗ. ಸ್ವಲ್ಪ ಹೊತ್ತಾದ ಮೇಲೆ ಗೊಂಬೆಗಳು ತಮ್ಮ ತಮ್ಮಲ್ಲೇ ಎಸೆದುಕೊಂಡು ಇವನಿಗೆ ಕೊಡುವುದನ್ನು ನಿಲ್ಲಿಸುತ್ತವೆ. ಕಿಪ್ಲಿಂಗ್ ವಿಲಿಯಮ್ಸ್ ಎಂಬ ಮನಶ್ಶಾಸ್ತ್ರಜ್ಞರು ಹೊರಗಿಡುವ ನೋವನ್ನು ಅಳೆಯಲು ಮಾಡಿದ ಆಟ ಇದು. ಎದುರಾಳಿ ಬರೀ ಕಂಪ್ಯೂಟರ್ ಎಂದು ಗೊತ್ತಿದ್ದರೂ ಜನಕ್ಕೆ ನೋವಾಗುತ್ತದೆ ಎಂದು 2004ರಲ್ಲಿ ಅವರೇ ತೋರಿಸಿದರು. ‘ಎಲ್ಲಾ ಬಾಟು ಅಕ್ಕಾ, ಗೊತ್ತು ನಂಗೆ’ ಎಂದು ಜಂಭದಿಂದ ಕೂತವನೊಬ್ಬ ಐದು ನಿಮಿಷವಾದ ಮೇಲೆ ಮುಖ ಚಿಕ್ಕದು ಮಾಡಿಕೊಂಡು ಕೇಳಿದ, ‘ಆದ್ರೂ ನಾನೇನ್ ಮಾಡಿದ್ದೆ ಅವ್ರಿಗೆ?’ ನಿಜ ಹೇಳಿ ಸಮಾಧಾನ ಮಾಡಬೇಕೆಂಬುದು ನಿಯಮ. ಚಾಕೊಲೇಟು ನಿಯಮದಲ್ಲಿಲ್ಲ, ಅದು ನನ್ನದು.

ಎಲ್ಲಕ್ಕಿಂತ ನನಗಿಷ್ಟ ತಾಳ್ಮೆಯ ಪರೀಕ್ಷೆ. ಈಗಲೇ ನೂರು ರೂಪಾಯಿ ಬೇಕೋ, ಒಂದು ತಿಂಗಳು ಬಿಟ್ಟು ಇನ್ನೂರು ಬೇಕೋ? ನೂರೇ ಸಾಕು ಅಂದವನು ಆತುರಗಾರ ಎಂದು ಲೆಕ್ಕ. ಒಬ್ಬ ಹುಡುಗ ಪರದೆಯನ್ನು ಬಿಟ್ಟು ನನ್ನನ್ನೇ ನೋಡಿದ. ‘ಅಕ್ಕಾ, ಒಂದು ತಿಂಗಳಾದ ಮೇಲೆ ನೀವು ಇಲ್ಲೇ ಇರ್ತೀರಾ?’ ನನಗೆ ಬಾಯಿ ಕಟ್ಟಿತು. ನನ್ನ ಕಾಂಟ್ರಾಕ್ಟಿಗೆ ಸಹಿ ಬಿದ್ದಿರಲಿಲ್ಲ, ಎರಡು ತಿಂಗಳ ಸಂಬಳ ಯಾವುದೋ ಮೇಜಿನ ಮೇಲೆ ಮಲಗಿತ್ತು. ನನ್ನ ಮುಖದಲ್ಲೇ ಉತ್ತರ ಓದಿಕೊಂಡು ಅವನು ನೂರು ರೂಪಾಯಿಯ ಗುಂಡಿ ಒತ್ತಿದ. ಇವನನ್ನು ಆತುರಗಾರ ಅನ್ನುವುದು ಹೇಗೆ? 2013ರಲ್ಲಿ ರೋಚೆಸ್ಟರ್ ವಿಶ್ವವಿದ್ಯಾಲಯದ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು ಪುಟ್ಟ ಮಕ್ಕಳಿಗೆ ಇದೇ ಬಗೆಯ ಪರೀಕ್ಷೆ ಮಾಡಿದ್ದರು. ಮೊದಲು ಒಳ್ಳೆಯ ಬಣ್ಣದ ಕಡ್ಡಿ ತರುತ್ತೇನೆಂದು ಹೇಳಿ ತರದೆ ಕೈಕೊಟ್ಟವರ ಮುಂದೆ ಮಕ್ಕಳು ಸಿಹಿಗಾಗಿ ಸರಾಸರಿ ಮೂರು ನಿಮಿಷ ಕಾದರು. ಮಾತು ಉಳಿಸಿಕೊಂಡವರ ಮುಂದೆ ಹನ್ನೆರಡು ನಿಮಿಷ. ಮಗುವಿನ ತಾಳ್ಮೆ ಎಷ್ಟೆಂದು ಅಳೆಯುವ ಮುಂಚೆ ದೊಡ್ಡವರ ಮಾತಿಗೆ ಬೆಲೆ ಎಷ್ಟೆಂದು ಒಂದು ಸಲ ತೂಗಬೇಕು ಅಂತ ನಾನು ಅಂದರೆ, ಪೋಸ್ಟ್‌ಡಾಕ್ ಸರ್ ‘ಒಳ್ಳೇ ಪಾಯಿಂಟು, ಬೇರೆ ಪೇಪರ್ ಮಾಡೋಣ’ ಅನ್ನುತ್ತಾರೆ.

ಕಾರು ಓಡಿಸುವ ಆಟವೂ ಇದೆ. ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಮಾರ್ಗೊ ಗಾರ್ಡ್ನರ್ 2005ರಲ್ಲಿ ಪ್ರಕಟಿಸಿದ್ದು ಪ್ರಸಿದ್ಧ. ಹಳದಿ ದೀಪ ಬಂದಾಗ ನಿಲ್ಲಿಸುತ್ತೀರೋ ನುಗ್ಗುತ್ತೀರೋ? ಒಬ್ಬರೇ ಇದ್ದಾಗ ಹುಡುಗರಿಗೂ ದೊಡ್ಡವರಿಗೂ ಅಷ್ಟೇನೂ ಅಂತರವಿಲ್ಲ. ಪಕ್ಕದಲ್ಲಿ ಗೆಳೆಯರು ನಿಂತು ನೋಡುತ್ತಿದ್ದರೆ ಹದಿಹರೆಯದವರು ನುಗ್ಗುತ್ತಾರೆ, ಇಪ್ಪತ್ತನಾಲ್ಕು ದಾಟಿದವರ ಆಟ ಬದಲಾಗುವುದಿಲ್ಲ. ಇದನ್ನು ನಾನು ಓದಿ ತಲೆದೂಗುತ್ತಿರುವಾಗಲೇ, ಗೇಟಿನ ಹೊರಗೆ ಸುತ್ತು ಹಾಕುತ್ತಿದ್ದ ಅಪ್ಪ ಒಳಗೆ ಬಂದು, ಒನ್‌ವೇಯಲ್ಲಿ ಉಲ್ಟಾ ಬಂದು ಜಾಗ ಹಿಡಿದ ಸಾಹಸವನ್ನು ಹೇಳಿದರು. ಅವರ ಪಕ್ಕದಲ್ಲಿ ಗೆಳೆಯರಾರೂ ಇರಲಿಲ್ಲ. ಮಗ ನನ್ನನ್ನು ನೋಡಿದ, ನಾನು ಮಾನಿಟರ್ ನೋಡಿದೆ.

ಸ್ಕ್ಯಾನ್ ಮುಗಿದು ಹೊರಗೆ ಬಂದರೆ ಅಮ್ಮಂದಿರ ಒಂದೇ ಪ್ರಶ್ನೆ. ‘ಏನ್ ಬಂತು ಮೇಡಂ?’ ಎಂಆರ್‌ಐ ಅವರಿಗೆ ಹೊಸ ಕಾಲದ ಜಾತಕ. ಸೈನ್ಸ್ ತಗೋಬಹುದಾ, ಕಾಮರ್ಸಾ? ಇವನ ಎಡಗಡೆ ಜಾಸ್ತಿಯಾ, ಬಲಗಡೆಯಾ? ಬುದ್ಧಿ ಇದೆ, ಉಪಯೋಗಿಸಲ್ಲ ಅಂತಾರಲ್ಲ, ಅದು ಕಾಣ್ಸುತ್ತಾ? ಏನಾದರೂ ಕಾಯಿಲೆಯ ಸುಳಿವಿದ್ದರೆ ರೇಡಿಯಾಲಜಿಯ ಡಾಕ್ಟರು ನೋಡಿ ತಿಳಿಸುತ್ತಾರೆ. ಅದು ಬಿಟ್ಟರೆ ಒಂದು ಮಗುವಿನ ಒಂದು ಚಿತ್ರದಿಂದ ಅದರ ಭವಿಷ್ಯ ಹೇಳುವ ವಿದ್ಯೆ ನಮ್ಮಲ್ಲಿಲ್ಲ. ಸಾವಿರಾರು ಮಕ್ಕಳನ್ನು ಒಟ್ಟಿಗೆ ಹಾಕಿದಾಗ ಒಂದು ರೇಖೆ ಮೂಡುತ್ತದೆ, ನಿಮ್ಮ ಮಗ ಆ ರೇಖೆಯ ಮೇಲೂ ಇ‌ರಬಹುದು, ಕೆಳಗೂ ಇರಬಹುದು, ಎರಡೂ ಸರಿಯೇ. ಇಷ್ಟು ಕೇಳಿ ಅವರ ಮುಖ ಬಾಡುತ್ತದೆ. ಬೆರಳಚ್ಚು ನೋಡಿ ಮಗು ಡಾಕ್ಟರಾಗುತ್ತೋ ಡ್ಯಾನ್ಸರಾಗುತ್ತೋ ಹೇಳುವವರು, ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ‘ಮಿಡ್‌ಬ್ರೇನ್ ಆಕ್ಟಿವೇಷನ್’ನವರು ಇದಕ್ಕಿಂತ ಎಷ್ಟೋ ಧಾರಾಳಿಗಳು. ಆ ಬಟ್ಟೆಯ ಸಂದಿನಿಂದ ಮಕ್ಕಳು ಇಣುಕುತ್ತಾರೆ ಎಂದು ಮಂಗಳೂರಿನ ನರೇಂದ್ರ ನಾಯಕ್ ಊರೂರು ತಿರುಗಿ ತೋರಿಸಿದರೂ ಫೀಸು ಕಟ್ಟುವವರು ಕಟ್ಟುತ್ತಲೇ ಇದ್ದಾರೆ.

ನಮ್ಮವರೂ ಸಂಭಾವಿತರೇನಲ್ಲ ಬಿಡಿ. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಗೆಳೆಯರು ಸತ್ತ ಸಾಲ್ಮನ್ ಮೀನೊಂದನ್ನು ಯಂತ್ರದೊಳಗೆ ಮಲಗಿಸಿ, ಮನುಷ್ಯರ ಫೋಟೋ ತೋರಿಸಿ, ಈ ವ್ಯಕ್ತಿಗೆ ಏನನ್ನಿಸುತ್ತಿದೆ ಹೇಳು ಎಂದು ಕೇಳಿದರು. ಲೆಕ್ಕದಲ್ಲಿ ಮಾಡಬೇಕಾದ ಒಂದು ತಿದ್ದುಪಡಿಯನ್ನು ಬೇಕೆಂದೇ ಬಿಟ್ಟಾಗ, ಸತ್ತ ಮೀನಿನ ಮೆದುಳಿನಲ್ಲೂ ಚಟುವಟಿಕೆಯ ಚುಕ್ಕೆ ಹೊಳೆಯಿತು. 2012ರಲ್ಲಿ ಅದಕ್ಕೆ ಇಗ್ ನೊಬೆಲ್ ಬಂತು. ಎಲ್ಲರೂ ಅದರಿಂದ ಸಂಖ್ಯಾಶಾಸ್ತ್ರದ ಪಾಠ ಕಲಿತರು. ನನಗೆ ಮಾತ್ರ ಆ ಮೀನಿನ ಮೇಲೆ ಅಸೂಯೆಯಾಯಿತು. ಪಿನ್ನಿಲ್ಲ, ತಾಯತವಿಲ್ಲ, ಹಲ್ಲಿನ ತಂತಿಯಿಲ್ಲ, ಕೊನೆಯವರೆಗೂ ಅಲ್ಲಾಡಲಿಲ್ಲ.

ಈಚೆಗೆ ವಾಟ್ಸಾಪಿನಲ್ಲಿ ಓಡಾಡುವ ಸುದ್ದಿ, ಮೆದುಳು ಪೂರ್ತಿ ಬಲಿಯುವುದು ಇಪ್ಪತ್ತೈದಕ್ಕೆ. ಮುಂಭಾಗ, ಅಂದರೆ ಪ್ರೀಫ್ರಾಂಟಲ್, ತಡವಾಗಿ ಬಲಿಯುತ್ತದೆ, ಇಪ್ಪತ್ತು ದಾಟಿದ ಮೇಲೂ ಬದಲಾಗುತ್ತಿರುತ್ತದೆ ಎಂಬುದು ನಿಜ. ಆದರೆ ಇಪ್ಪತ್ತೈದನೇ ಹುಟ್ಟುಹಬ್ಬದ ಬೆಳಿಗ್ಗೆ ಸ್ವಿಚ್ಚು ಬೀಳುವುದಿಲ್ಲ. ಒಬ್ಬೊಬ್ಬರದು ಒಂದೊಂದು ಲಯ. ನಮ್ಮ ಚಿಕ್ಕಪ್ಪನಿಗೆ ಆ ಸುದ್ದಿ ಬಹಳ ಹಿಡಿಸಿದೆ. ಮಗಳಿಗೆ ಇಪ್ಪತ್ಮೂರು. ‘ಪ್ರೀಫ್ರಾಂಟಲ್ಲೇ ಬಲಿತಿಲ್ಲ, ಇವಳು ಹುಡುಗನ್ನ ಆರಿಸ್ಕೊಳ್ಳೋದಾ? ನೀನೇ ಹೇಳಮ್ಮ, ನಿಂದೇ ಸಬ್ಜೆಕ್ಟು’ ಎಂದು ನನ್ನನ್ನು ಸಾಕ್ಷಿಗೆ ಕರೆದರು. ಅದೇ ಬಲಿಯದ ಪ್ರೀಫ್ರಾಂಟಲ್ಲು ಅವರು ತಂದ ಹುಡುಗನನ್ನು ಒಪ್ಪಿಕೊಳ್ಳುವುದಕ್ಕೆ ಹೇಗೆ ಸಾಲುತ್ತದೆ ಎಂದು ನಾನು ಕೇಳಿದೆ. ಚಿಕ್ಕಪ್ಪ ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡರು.

ಎರಡು ವರ್ಷದ ಮೇಲೆ ಅದೇ ಮಕ್ಕಳು ಫಾಲೋಅಪ್ಪಿಗೆ ಬರುತ್ತಾರೆ. ಗೇಣುದ್ದ ಬೆಳೆದಿರುತ್ತಾರೆ, ದನಿ ಒಡೆದಿರುತ್ತದೆ, ‘ಅಕ್ಕಾ’ ಹೋಗಿ ‘ಮ್ಯಾಮ್’ ಆಗಿರುತ್ತದೆ. ಹೋದ ತಿಂಗಳು ಬಂದ ಹದಿನೈದರ ಹುಡುಗಿ ಒಪ್ಪಿಗೆ ಪತ್ರ ತೆಗೆದುಕೊಂಡು ಮೂಲೆಯಲ್ಲಿ ಕೂತಳು. ಎಲ್ಲರೂ ಕೊನೆಯ ಪುಟಕ್ಕೆ ಹಾರಿ ಸಹಿ ಗೀಚುತ್ತಾರೆ. ಇವಳು ಪುಟ ತಿರುಗಿಸುತ್ತಲೇ ಇದ್ದಳು. ಅವರಮ್ಮ ‘ಬೇಗ ಹಾಕೇ, ಎಲ್ಲಾ ಕಾಯ್ತಿದಾರೆ’ ಅಂದರು. ಅವಳು ಎದ್ದು ಬಂದು ಕೇಳಿದಳು, ‘ಮೊದಲನೇ ಪುಟದಲ್ಲಿ ಎರಡು ಗಂಟೆ ಅಂತಿದೆ, ನಾಲ್ಕನೇ ಪುಟದಲ್ಲಿ ಮೂರು ಗಂಟೆ ಅಂತಿದೆ. ಯಾವ್ದು ನಿಜ?’

ಆ ಪತ್ರವನ್ನು ಪ್ರೊಫೆಸರು ನೋಡಿದ್ದರು, ಪೋಸ್ಟ್‌ಡಾಕ್ ಸರ್ ನೋಡಿದ್ದರು, ಎಥಿಕ್ಸ್ ಕಮಿಟಿಯ ಅಷ್ಟೂ ಜನ ನೋಡಿ ಮೊಹರು ಹೊಡೆದಿದ್ದರು. ನೂರಾರು ಅಪ್ಪ ಅಮ್ಮಂದಿರು ಸಹಿ ಹಾಕಿದ್ದರು. ನಿಜವಾದದ್ದು ಮೂರು ಗಂಟೆ ಅಂತ ಒಪ್ಪಿಕೊಂಡೆ. ಪತ್ರ ತಿದ್ದಬೇಕಾದರೆ ಮತ್ತೆ ಕಮಿಟಿಗೆ ಹೋಗಬೇಕು, ತಿಂಗಳುಗಟ್ಟಲೆ ಆಗುತ್ತದೆ ಅಂತಲೂ ಹೇಳಿದೆ. ‘ಹಾಗಾದ್ರೆ ನಾನು ಮೊದಲನೇ ಪುಟಕ್ಕೆ ಒಪ್ತೀನಿ’ ಎಂದು ಸಹಿ ಹಾಕಿದಳು. ಪಿನ್ನು ತೆಗೆದಳು, ಅಲ್ಲಾಡದೆ ಮಲಗಿದಳು, ಬಲೂನು ಊದಿದಳು. ಸರಿಯಾಗಿ ಎರಡು ಗಂಟೆಯಾದಾಗ ಹೆಡ್‌ಫೋನ್ ಕೆಳಗಿಟ್ಟು, ‘ಥ್ಯಾಂಕ್ಯೂ ಮ್ಯಾಮ್’ ಎಂದು ಅಮ್ಮನನ್ನು ಎಬ್ಬಿಸಿಕೊಂಡು ಹೊರಟೇಬಿಟ್ಟಳು. ತಾಳ್ಮೆಯ ಪರೀಕ್ಷೆ ಅರ್ಧಕ್ಕೇ ನಿಂತಿತ್ತು.

ಪರೀಕ್ಷೆ ಪೂರ್ತಿಯಾಗದಿದ್ದರೆ ಕಾರಣ ತುಂಬಬೇಕು. ಕಂಪ್ಯೂಟರ್ ಕೊಡುವ ಆಯ್ಕೆಗಳು ನಾಲ್ಕು: ಸುಸ್ತು, ಗಮನ ತಪ್ಪಿತು, ಯಂತ್ರದ ತೊಂದರೆ, ಇತರೆ. ನಾನು ‘ಇತರೆ’ ಒತ್ತಿದೆ. ಮಧ್ಯಾಹ್ನ ಪೋಸ್ಟ್‌ಡಾಕ್ ಸರ್ ಕಡತ ನೋಡುತ್ತ ಕರೆದರು.

‘ಈ ಹುಡುಗಿ ಮಧ್ಯದಲ್ಲೇ ಎದ್ದು ಹೋದ್ಲಲ್ಲ, ಇಂಪಲ್ಸಿವ್ ಅಂತ ಒಂದು ನೋಟ್ ಹಾಕೋಣ್ವಾ? ‘ಇತರೆ’ ಅಂದ್ರೆ ಏನಂತ ಅರ್ಥ?’

‘ಫಾರಂ ಓದಿದ್ಲು ಸರ್.’